ತಂತಿಯೇರಿದ ಅಲೆ: ಅಂತರ್ಜಾಲದ ಮೂಲಕ ಸಾಗುವ ದನಿ ಹವ್ಯಾಸಿ ರೇಡಿಯೊವೇ?

(ಕ್ವಾಲಾಲಂಪುರದಲ್ಲಿ ಕನ್ನಡ ಓದುಗರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)

ಸಾಹಿತ್ಯ ಮತ್ತು ರಾಜಕಾರಣದ ಚರ್ಚೆಗೆಂದು ಸೇರುವ ಈ ಕೂಟದಲ್ಲಿ ಹವ್ಯಾಸಿ ರೇಡಿಯೊದವರ ಒಂದು ಒಳಜಗಳವನ್ನು ವಿಷಯವಾಗಿ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಸಂಪರ್ಕದ ಸಾಧನ ಯಾರ ಕೈಯಲ್ಲಿರಬೇಕು, ಅದನ್ನು ಬಿಚ್ಚಿ ನೋಡುವ ಹಕ್ಕು ಯಾರಿಗಿದೆ, ಅದು ಕೈಕೊಟ್ಟ ದಿನ ನಮ್ಮ ಬಳಿ ಏನು ಉಳಿದಿರುತ್ತದೆ ಎಂಬ ಪ್ರಶ್ನೆಗಳು ಆ ಜಗಳದೊಳಗೆ ಅಡಗಿವೆ. ತಾಯ್ನಾಡಿನೊಂದಿಗಿನ ಮಾತುಕತೆಯನ್ನೆಲ್ಲ ಒಂದೆರಡು ಕಂಪನಿಗಳ ಆ್ಯಪ್‌ಗಳಿಗೆ ಒಪ್ಪಿಸಿಬಿಟ್ಟಿರುವ ನಮ್ಮಂಥ ವಲಸಿಗರಿಗೆ ಇವು ದೂರದ ಪ್ರಶ್ನೆಗಳೇನಲ್ಲ.

ಜಗಳ ಹೀಗಿದೆ. ಪರೀಕ್ಷೆ ಬರೆದು ಪರವಾನಗಿ ಪಡೆದ ಹವ್ಯಾಸಿಯೊಬ್ಬರು, ಅಂದರೆ ಹ್ಯಾಮ್ ಒಬ್ಬರು, ಕ್ವಾಲಾಲಂಪುರದ ತಮ್ಮ ಮನೆಯಲ್ಲಿ ಅಂಗೈಯಗಲದ ಡಿಜಿಟಲ್ ರೇಡಿಯೊದ ಗುಂಡಿ ಒತ್ತಿ ಮಾತನಾಡುತ್ತಾರೆ. ಬೆಂಗಳೂರಿನಲ್ಲಿ ಇನ್ನೊಬ್ಬ ಹ್ಯಾಮ್ ಅದನ್ನು ಕೇಳಿ ಉತ್ತರಿಸುತ್ತಾರೆ. ಎರಡೂ ಊರುಗಳ ನಡುವಿನ ದೂರ ಸುಮಾರು 2,900 ಕಿ.ಮೀ. ಆದರೆ ಆ ದನಿ ಅಲೆಯಾಗಿ ಸಾಗುವುದು ರೇಡಿಯೊದಿಂದ ಮೇಜಿನ ಮೇಲಿನ ‘ಹಾಟ್‌ಸ್ಪಾಟ್’ ಎಂಬ ಪುಟ್ಟ ಪೆಟ್ಟಿಗೆಯವರೆಗೆ, ಎಂದರೆ ಎರಡು ಮೂರು ಮೀಟರು ಮಾತ್ರ. ಆ ಪೆಟ್ಟಿಗೆಯ ಪ್ರಸಾರಶಕ್ತಿ ಸುಮಾರು 10 ಮಿಲಿವ್ಯಾಟ್. ಅಲ್ಲಿಂದ ಮುಂದೆ ಮನೆಯ ರೂಟರ್, ಫೈಬರ್, ಯಾವುದೋ ದೇಶದ ಸರ್ವರ್, ಸಮುದ್ರದಡಿಯ ಕೇಬಲ್, ಮತ್ತೆ ಫೈಬರ್. ಕೊನೆಯಲ್ಲಿ ಬೆಂಗಳೂರಿನ ಮನೆಯೊಂದರಲ್ಲಿ ಮತ್ತೆ ಎರಡು ಮೂರು ಮೀಟರು ಅಲೆ. ಇದನ್ನು ಹವ್ಯಾಸಿ ರೇಡಿಯೊ ಎಂದು ಕರೆಯಬಹುದೇ?

ಹಿರಿಯ ಹವ್ಯಾಸಿಗಳಲ್ಲಿ ಅನೇಕರ ಉತ್ತರ ‘ಖಂಡಿತ ಇಲ್ಲ’ ಎಂಬುದು. ಅವರ ವಾದವನ್ನು ಅದರ ಅತ್ಯಂತ ಬಲವಾದ ರೂಪದಲ್ಲಿಯೇ ಮೊದಲು ಮುಂದಿಡುತ್ತೇನೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ರೇಡಿಯೊ ನಿಯಮಾವಳಿಯು ಹವ್ಯಾಸಿ ಸೇವೆಯನ್ನು ವ್ಯಾಖ್ಯಾನಿಸುವಾಗ ಮೂರು ಉದ್ದೇಶಗಳನ್ನು ಹೇಳುತ್ತದೆ: ಸ್ವಯಂಶಿಕ್ಷಣ, ಪರಸ್ಪರ ಸಂವಹನ, ತಾಂತ್ರಿಕ ಅನ್ವೇಷಣೆ. ಇವನ್ನು ನಡೆಸುವವರು ರೇಡಿಯೊ ತಂತ್ರದಲ್ಲಿ ಆಸಕ್ತಿಯುಳ್ಳ ಪರವಾನಗಿದಾರರಾಗಿರಬೇಕು. ಹಣದ ಲಾಭ ಅವರ ಗುರಿಯಾಗಿರಬಾರದು. ಅಲ್ಪತರಂಗದಲ್ಲಿ, ಉದಾಹರಣೆಗೆ 20 ಮೀಟರ್ ಪಟ್ಟಿಯಲ್ಲಿ, ಇಲ್ಲಿಂದ ಬೆಂಗಳೂರನ್ನು ಮುಟ್ಟಬೇಕಾದರೆ ಸೂರ್ಯನ ಚಟುವಟಿಕೆ, ಅಯಾನುಗೋಳದ ಸ್ಥಿತಿ, ಗಳಿಗೆ, ಆಂಟೆನಾದ ಎತ್ತರ, ದಿಕ್ಕು ಎಲ್ಲವನ್ನೂ ಅರಿಯಬೇಕಾಗುತ್ತದೆ. ಹಾಟ್‌ಸ್ಪಾಟಿನಲ್ಲಿ ಇದಾವುದೂ ಬೇಕಿಲ್ಲ. ವೈಫೈ ಗುಪ್ತಪದ ಗೊತ್ತಿದ್ದರೆ ಸಾಕು. ‘ಫೋನಿನಲ್ಲಿ ಮಾತನಾಡಿ ಅದನ್ನು ರೇಡಿಯೊ ಎನ್ನುತ್ತೀರಲ್ಲ’ ಎಂಬ ಅವರ ಕೊಂಕಿನಲ್ಲಿ ತಿರುಳಿದೆ.

ಆದರೂ ಈ ಜಗಳ ಬಗೆಹರಿಯದೆ ಉಳಿದಿರುವುದಕ್ಕೆ ಕಾರಣ, ಒಂದೇ ಪ್ರಶ್ನೆಯೆಂಬ ವೇಷದಲ್ಲಿ ಬೇರೆ ಬೇರೆ ಪ್ರಶ್ನೆಗಳು ಅಲ್ಲಿ ಬೆರೆತುಹೋಗಿರುವುದು ಎಂದು ನನ್ನ ಅನಿಸಿಕೆ. ಇದು ಹವ್ಯಾಸಿಯ ಕೆಲಸವೇ ಎಂಬುದು ಒಂದು. ಇದನ್ನು ರೇಡಿಯೊದಿಂದ ಗಳಿಸಿದ ದೂರವೆಂದು ಎಣಿಸಬಹುದೇ ಎಂಬುದು ಎರಡನೆಯದು. ಆಪತ್ತಿನಲ್ಲಿ ಇದನ್ನು ನೆಚ್ಚಬಹುದೇ ಎಂಬುದು ಮೂರನೆಯದು. ಈ ಮೂರಕ್ಕೂ ಒಂದೇ ಉತ್ತರವಿಲ್ಲ. ಇವುಗಳ ಹಿಂದೆ ಯಾರೂ ಗಟ್ಟಿಯಾಗಿ ಕೇಳದ ನಾಲ್ಕನೆಯ ಪ್ರಶ್ನೆಯೊಂದಿದೆ: ಈ ಸರಪಳಿಯ ಕೊಂಡಿಗಳು ಯಾರವು?

ಮೊದಲನೆಯದನ್ನು ಎತ್ತಿಕೊಳ್ಳೋಣ. ಹವ್ಯಾಸಿ ಎಂದರೆ ಯಾರು? ನಾವಿರುವ ಈ ನೆಲದಲ್ಲಿ ರೇಡಿಯೊದ ಚರಿತ್ರೆ ಹವ್ಯಾಸಿಗಳಿಂದಲೇ ಆರಂಭವಾಗುತ್ತದೆ. 1921ರಲ್ಲಿ ಜೊಹೋರ್ ಸರ್ಕಾರದ ವಿದ್ಯುತ್ ಎಂಜಿನಿಯರ್ ಎ.ಎಲ್. ಬರ್ಚ್ ಮಲಯಾಕ್ಕೆ ಮೊದಲ ರೇಡಿಯೊ ಯಂತ್ರವನ್ನು ತಂದು, ಆಸಕ್ತರ ಸಂಘವೊಂದನ್ನು ಕಟ್ಟಿ, 300 ಮೀಟರ್ ತರಂಗದಲ್ಲಿ ಪ್ರಸಾರ ಆರಂಭಿಸಿದರು. ಪೆನಾಂಗ್ ಮತ್ತು ಕ್ವಾಲಾಲಂಪುರಗಳಲ್ಲಿ ಅಂಥವೇ ಸಂಘಗಳು ಹುಟ್ಟಿದವು. 1930ರ ಸುಮಾರಿಗೆ ಇದೇ ನಗರದ ಬುಕಿಟ್ ಪೆಟಾಲಿಂಗ್ ಗುಡ್ಡದಿಂದ ಮಲಯಾದ ಹವ್ಯಾಸಿಗಳ ದನಿ ಕೇಳಿಬರುತ್ತಿತ್ತು. ಸರ್ಕಾರಿ ಪ್ರಸಾರ ಸಂಸ್ಥೆ ಬಂದದ್ದು ಆಮೇಲೆ. ಇಂದಿನ ಮಲೇಷ್ಯಾದ ಹ್ಯಾಮ್‌ಗಳ ಹಿರಿಯ ಸಂಘಟನೆಯಾದ ‘ಮಾರ್ಟ್ಸ್’ 1952ರಲ್ಲಿ ಸ್ಥಾಪನೆಯಾಯಿತು.

ನಮ್ಮ ಕಡೆಯ ಕಥೆ ಇನ್ನೂ ಸ್ವಾರಸ್ಯಕರವಾದದ್ದು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆ ‘ವಿಠಲ ವಿಹಾರ’ದಲ್ಲಿ 30 ವ್ಯಾಟ್ ಸಾಮರ್ಥ್ಯದ ಪ್ರೇಷಕವನ್ನಿಟ್ಟುಕೊಂಡು ಬಾನುಲಿಯನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರದ್ದು. ಅದನ್ನು ಸೂಚಿಸಿದವರು ನಾ. ಕಸ್ತೂರಿಯವರೆಂಬ ಮಾತು ಪ್ರಚಲಿತವಾಗಿದೆ. ಮುಂದೆ ಅದು ಸಂಸ್ಥಾನದ ಕೈಗೆ ಹೋಯಿತು. ಸ್ವಾತಂತ್ರ್ಯಾನಂತರ ಇಡೀ ದೇಶದ ಬಾನುಲಿ ಆ ಹೆಸರನ್ನು ಎತ್ತಿಕೊಂಡಿತು. ಗಮನಿಸಬೇಕಾದ ಅಂಶವೆಂದರೆ, ಗೋಪಾಲಸ್ವಾಮಿಯವರು ಎಂಜಿನಿಯರರಲ್ಲ. ಅವರು ಮಾಡಿದ್ದು ಏಕಮುಖ ಪ್ರಸಾರ. ಇಂದಿನ ಹವ್ಯಾಸಿ ನಿಯಮಗಳ ಪ್ರಕಾರ ಅದು ನಿಷಿದ್ಧ. ಅಂದರೆ ಇಂದಿನ ‘ಅಪ್ಪಟ ಹವ್ಯಾಸಿ’ಯ ಅಳತೆಗೋಲು ಹಿಡಿದರೆ ಕನ್ನಡ ನಾಡಿನ ಅತ್ಯಂತ ದೊಡ್ಡ ರೇಡಿಯೊ ಹವ್ಯಾಸಿಯೇ ಹೊರಗುಳಿಯುತ್ತಾರೆ. ಅವರನ್ನು ಹವ್ಯಾಸಿಯನ್ನಾಗಿ ಮಾಡಿದ್ದು ಇಂಥದೇ ತರಂಗ, ಇಂಥದೇ ವಿಧಾನ ಎಂಬ ನಿಷ್ಠೆಯಲ್ಲ. ಯಾರ ಅಪ್ಪಣೆಗೂ ಕಾಯದೆ, ಲಾಭವನ್ನು ಬಯಸದೆ, ಯಂತ್ರವನ್ನು ತಾನೇ ತಿಳಿದು ಬಳಸಿ ಅದನ್ನು ಊರಿನದಾಗಿಸುವ ಕುತೂಹಲ ಅವರಲ್ಲಿತ್ತು.

ಅಪ್ಪಟತನದ ಗೆರೆಯಂತೂ ಎಂದಿಗೂ ಒಂದೆಡೆ ನಿಂತಿಲ್ಲ. ಕಿಡಿ ಹಾರಿಸುವ ಹಳೆಯ ಪ್ರೇಷಕಗಳ ಜಾಗಕ್ಕೆ ಕವಾಟಗಳು ಬಂದಾಗ ಹಳಬರು ಮುಖ ಸಿಂಡರಿಸಿದರು. ಎರಡನೆಯ ಮಹಾಯುದ್ಧದ ತರುವಾಯ ಎಸ್‌ಎಸ್‌ಬಿ ವಿಧಾನ ಹರಡಿದಾಗ, ಅದು ಮನುಷ್ಯರ ದನಿಯಲ್ಲ, ಬಾತುಕೋಳಿಯ ಕೂಗು ಎಂದು ಎಎಂ ನಿಷ್ಠರು ಗೇಲಿ ಮಾಡಿದರು. ಇಂದು ಅದೇ ಎಸ್‌ಎಸ್‌ಬಿ ‘ನಿಜವಾದ ರೇಡಿಯೊ’ದ ಮಾದರಿಯಾಗಿದೆ. 30 ಮೆಗಾಹರ್ಟ್ಸಿಗಿಂತ ಕೆಳಗಿನ ಪಟ್ಟಿಗಳಿಗೆ ಕಾಲಿಡಬೇಕಾದರೆ ಮೋರ್ಸ್ ಪರೀಕ್ಷೆ ಕಡ್ಡಾಯ ಎಂಬ ಅಂತರರಾಷ್ಟ್ರೀಯ ನಿಯಮವನ್ನು 2003ರ ವಿಶ್ವ ರೇಡಿಯೊ ಸಮ್ಮೇಳನ ಕೈಬಿಟ್ಟು, ತೀರ್ಮಾನವನ್ನು ಆಯಾ ದೇಶಗಳಿಗೆ ಬಿಟ್ಟಿತು. ಮಲೇಷ್ಯಾದಲ್ಲಿ 9ಡಬ್ಲ್ಯುನಿಂದ ಆರಂಭವಾಗುವ ಕರೆಸಂಕೇತಗಳು ಮೋರ್ಸ್ ಇಲ್ಲದ ದರ್ಜೆಯಾಗಿ ಬಂದವು. 9ಎಂ ಸಂಕೇತದವರು ಮೇಲಿನ ದರ್ಜೆಯವರು. ಹೆಸರು ಹೇಳುತ್ತಲೇ ಅಂತಸ್ತು ತಿಳಿಯುವ ಏರ್ಪಾಡು ಇದು. ನಾವು ಕನ್ನಡಿಗರು ಮಡಿ-ಮೈಲಿಗೆಯ ವ್ಯಾಕರಣವನ್ನು ಬಲ್ಲವರು. ಪರಿಶ್ರಮದ ಹೆಸರಿನಲ್ಲಿ ಬಾಗಿಲು ಮುಚ್ಚುವ ಉಪಾಯವನ್ನು ಎಲ್ಲಿ ಕಂಡರೂ ಗುರುತಿಸಬಲ್ಲೆವು.

ಯಾರು ಹೊರಗುಳಿಯುತ್ತಾರೆ ಎಂಬುದನ್ನೂ ನೋಡಬೇಕು. ಈ ನಗರದಲ್ಲಿ ನಮ್ಮಲ್ಲಿ ಬಹುಪಾಲು ಮಂದಿ ಬಾಡಿಗೆಯ ಗಗನಚುಂಬಿ ಮನೆಗಳಲ್ಲಿ ಇರುವವರು. ನಾನಿರುವ ಕಟ್ಟಡದ ಆಡಳಿತ ಮಂಡಳಿ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಲು ಕೂಡ ನಿಯಮ ಮಾಡಿದೆ. ಹತ್ತು ಮೀಟರು ತಂತಿಯ ಆಂಟೆನಾ ಕಟ್ಟುತ್ತೇನೆಂದರೆ ಅವರ ಉತ್ತರವೇನೆಂದು ನೀವೇ ಊಹಿಸಬಹುದು. ಸ್ವಂತ ಭೂಮಿ, ಎತ್ತರದ ಕಂಬ, ಸಾವಿರಾರು ರಿಂಗಿಟ್ ಬೆಲೆಯ ಅಲ್ಪತರಂಗದ ಯಂತ್ರ, ರಾತ್ರಿಯಿಡೀ ಕುಳಿತುಕೊಳ್ಳುವ ಬಿಡುವು, ಇವೆಲ್ಲ ಇರುವವರಿಗೆ ಮಾತ್ರ ಒದಗುವ ‘ಶುದ್ಧ’ ರೇಡಿಯೊ ಒಂದು ವರ್ಗದ ಸೊತ್ತಾಗುತ್ತದೆ. ಹಾಸ್ಟೆಲಿನ ವಿದ್ಯಾರ್ಥಿನಿ, ಪಾಳಿಯಲ್ಲಿ ದುಡಿಯುವ ನರ್ಸು, ಮನೆಗೆಲಸದ ನಡುವೆ ಅರ್ಧ ಗಂಟೆ ಸಿಗುವ ಗೃಹಿಣಿ, ಮೆಟ್ಟಿಲು ಹತ್ತಲಾಗದ ಹಿರಿಯರು ಕೆಲವು ನೂರು ರಿಂಗಿಟ್‌ನ ಹಾಟ್‌ಸ್ಪಾಟಿನ ಮೂಲಕ ಈ ಬಳಗದೊಳಗೆ ಬರುತ್ತಾರೆ. ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, ಕರೆಸಂಕೇತವನ್ನು ಗಟ್ಟಿಯಾಗಿ ಹೇಳಿ, ನಿಯಮ ಪಾಲಿಸಿ ಮಾತನಾಡುವ ಇವರನ್ನು ಹವ್ಯಾಸಿಗಳಲ್ಲ ಎನ್ನಲು ನನಗೆ ಯಾವ ಆಧಾರವೂ ಕಾಣುವುದಿಲ್ಲ.

ಇನ್ನು ತಾಂತ್ರಿಕ ಅನ್ವೇಷಣೆಯ ಮಾತು. ಹಾಟ್‌ಸ್ಪಾಟಿನಲ್ಲಿ ಕಲಿಯುವುದೇನೂ ಇಲ್ಲ ಎಂಬ ಆಕ್ಷೇಪ, ಪೆಟ್ಟಿಗೆಯನ್ನು ಅಂಗಡಿಯಿಂದ ತಂದು ಹಾಗೆಯೇ ಬಳಸುವವರ ಮಟ್ಟಿಗೆ ನಿಜ. ಆದರೆ ಅಂಗಡಿಯಿಂದ ತಂದ ಜಪಾನೀ ಅಲ್ಪತರಂಗದ ಯಂತ್ರದ ಮಾಲೀಕರ ಮಟ್ಟಿಗೂ ಅದು ಅಷ್ಟೇ ನಿಜ. ಈ ಹಾಟ್‌ಸ್ಪಾಟುಗಳ ಜೀವಾಳವಾದ ಎಂಎಂಡಿವಿಎಂ ತಂತ್ರಾಂಶವನ್ನು ಬರೆದವರು ಬ್ರಿಟನ್ನಿನ ಹವ್ಯಾಸಿ ಜೊನಾಥನ್ ನೇಲರ್. ಅದರ ಮೂಲಸಂಕೇತ ಎಲ್ಲರಿಗೂ ಮುಕ್ತ. ರಾಸ್ಪ್‌ಬೆರಿ ಪೈ ಎಂಬ ಅಗ್ಗದ ಗಣಕದ ಮೇಲೆ ಅದನ್ನು ಕೂರಿಸಿ, ಬಿಚ್ಚಿ, ತಿದ್ದಿ, ಮತ್ತೆ ಕಟ್ಟುವವರು ಹಿಂದಿನವರು ಬೆಸುಗೆ ಕಡ್ಡಿ ಹಿಡಿದು ಮಾಡಿದ್ದನ್ನೇ ಬೇರೆ ಉಪಕರಣದಿಂದ ಮಾಡುತ್ತಿದ್ದಾರೆ.

ಅಲ್ಲದೆ, ರೇಡಿಯೊ ಮತ್ತು ಗಣಕಜಾಲಗಳು ಪರಸ್ಪರ ಅಪರಿಚಿತರೂ ಅಲ್ಲ. 1971ರಲ್ಲಿ ಹವಾಯಿ ವಿಶ್ವವಿದ್ಯಾನಿಲಯದ ‘ಅಲೋಹಾನೆಟ್’ ದ್ವೀಪಗಳ ನಡುವೆ ದತ್ತಾಂಶವನ್ನು ರೇಡಿಯೊದಲ್ಲಿಯೇ ಸಾಗಿಸಿತು. ಇಂದಿನ ಈಥರ್ನೆಟ್ಟಿನ ಕಲ್ಪನೆಗೆ ಅದು ಪ್ರೇರಣೆ. 1981ರಲ್ಲಿ ಹವ್ಯಾಸಿಗಳ ಜಾಲಕ್ಕೆಂದೇ ಅಂತರ್ಜಾಲದಲ್ಲಿ 44ರಿಂದ ಆರಂಭವಾಗುವ ವಿಳಾಸಗಳ ಇಡೀ ಗುಂಪು, ಅಂದರೆ ಸುಮಾರು 1 ಕೋಟಿ 67 ಲಕ್ಷ ವಿಳಾಸಗಳು, ಮೀಸಲಾದವು. ಅಂತರ್ಜಾಲ ಹವ್ಯಾಸಿಗಳಿಗೆ ಹೊರಗಿನಿಂದ ಬಂದ ಅತಿಥಿಯಲ್ಲ. ಅದರ ತೋಟದಲ್ಲಿ ಅವರಿಗೂ ಒಂದು ಪಾಲಿತ್ತು. ಆ ಪಾಲು ಮುಂದೆ ಏನಾಯಿತೆಂಬುದಕ್ಕೆ ಮತ್ತೆ ಬರುತ್ತೇನೆ.

ಆದುದರಿಂದ ಮೊದಲ ಪ್ರಶ್ನೆಗೆ ನನ್ನ ಉತ್ತರ: ಹೌದು, ಇದು ಹವ್ಯಾಸಿಯ ಕೆಲಸ. ಇದಕ್ಕೊಂದು ಎಲ್ಲೆಯಿದೆ. ಇತ್ತೀಚೆಗೆ ವಾಕಿಟಾಕಿಯ ಆಕಾರದಲ್ಲಿ, ಒಳಗೆ ಮೊಬೈಲ್ ಸಿಮ್ ಹಾಕಿದ ಉಪಕರಣಗಳು ಮಾರುಕಟ್ಟೆಯಲ್ಲಿ ಹೇರಳವಾಗಿವೆ. ಗುಂಡಿ ಒತ್ತಿ ಮಾತನಾಡುವ ಫೋನಿನ ಆ್ಯಪ್‌ಗಳೂ ಇವೆ. ಇವುಗಳಲ್ಲಿ ಹವ್ಯಾಸಿ ಪಟ್ಟಿಯ ಅಲೆ ಒಂದು ಮೀಟರೂ ಸಾಗುವುದಿಲ್ಲ. ಇರುವುದು ದೂರವಾಣಿ ಕಂಪನಿಯ ಅಲೆ ಮಾತ್ರ. ಅವು ಉಪಯುಕ್ತವಾಗಿರಬಹುದು, ಆದರೆ ಅವಕ್ಕೆ ಪರವಾನಗಿಯೂ ಬೇಡ, ಹವ್ಯಾಸಿ ಎಂಬ ಹೆಸರೂ ಬೇಡ.

ಎರಡನೆಯ ಪ್ರಶ್ನೆ ಎಣಿಕೆಯದು. ದೂರದ ದೇಶಗಳನ್ನು ಮುಟ್ಟುವ ಸಾಧನೆಗೆ ಅಮೆರಿಕದ ಹವ್ಯಾಸಿ ಸಂಘಟನೆ ಎಆರ್‌ಆರ್‌ಎಲ್ ಕೊಡುವ ‘ಡಿಎಕ್ಸ್‌ಸಿಸಿ’ ಎಂಬ ಮನ್ನಣೆ ಈ ಲೋಕದಲ್ಲಿ ಅತ್ಯಂತ ಪ್ರತಿಷ್ಠಿತವಾದದ್ದು. ನೆಲದ ಮೇಲಿನ ರಿಪೀಟರುಗಳ ಮೂಲಕ ನಡೆದ ಸಂಪರ್ಕಗಳನ್ನು ಅದು ಎಣಿಸುವುದಿಲ್ಲ. ಅಂತರ್ಜಾಲದ ಕೊಂಡಿಯನ್ನಂತೂ ಒಪ್ಪುವುದೇ ಇಲ್ಲ. ಉಪಗ್ರಹದ ಮೂಲಕ ನಡೆದವಕ್ಕೆ ಪ್ರತ್ಯೇಕ ವಿಭಾಗವಿದೆ. ಇದು ನ್ಯಾಯವಾದದ್ದೇ. ಓಟದ ಸ್ಪರ್ಧೆಯಲ್ಲಿ ಬಸ್ಸು ಹತ್ತಿ ಬಂದವರಿಗೆ ಪದಕ ಕೊಡಲಾಗದು. ಆದರೆ ಬಸ್ಸು ಹತ್ತಿದ್ದು ಅಪರಾಧವೂ ಅಲ್ಲ.

ಈ ಎಣಿಕೆಯಲ್ಲಿ ಒಂದು ವಿಚಿತ್ರವಿದೆ. 2017ರಲ್ಲಿ ನೊಬೆಲ್ ಪುರಸ್ಕೃತ ಖಭೌತ ವಿಜ್ಞಾನಿ ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕ್ ರೂಪಿಸಿದ ‘ಎಫ್‌ಟಿ8’ ಇಂದು ಅಲ್ಪತರಂಗದಲ್ಲಿ ಅತ್ಯಂತ ಜನಪ್ರಿಯ ವಿಧಾನಗಳಲ್ಲೊಂದು. ಹದಿನೈದು ಸೆಕೆಂಡುಗಳ ಕಂತಿನಲ್ಲಿ 77 ಬಿಟ್‌ಗಳಷ್ಟು ಮಾಹಿತಿ: ಕರೆಸಂಕೇತ, ಸ್ಥಳ, ಸಂಜ್ಞೆಯ ಬಲ. ಗಣಕಗಳು ಗಣಕಗಳೊಡನೆ ವಿನಿಮಯ ಮಾಡಿಕೊಳ್ಳುತ್ತವೆ. ಮನುಷ್ಯರು ಒಂದು ಮಾತನ್ನೂ ಆಡುವುದಿಲ್ಲ. ಆದರೆ ತುದಿಯಿಂದ ತುದಿಗೆ ಅಲೆಯೇ ಸಾಗಿದ್ದರಿಂದ ಅದು ಎಣಿಕೆಗೆ ಬರುತ್ತದೆ. ಇತ್ತ ಹಾಟ್‌ಸ್ಪಾಟಿನಲ್ಲಿ ಇಬ್ಬರು ಕನ್ನಡಿಗರು ಮಳೆ, ಬೆಳೆ, ಚುನಾವಣೆಯ ಬಗ್ಗೆ ಅರ್ಧ ಗಂಟೆ ಮಾತನಾಡಿದರೂ ಎಣಿಕೆಯಲ್ಲಿ ಅದು ಸೊನ್ನೆ. ಒಂದರಲ್ಲಿ ಅಲೆಯಿದೆ, ಮಾತಿಲ್ಲ. ಇನ್ನೊಂದರಲ್ಲಿ ಮಾತಿದೆ, ಅಲೆ ಅಷ್ಟಕ್ಕಷ್ಟೆ. ವ್ಯಾಖ್ಯಾನದಲ್ಲಿರುವ ‘ಪರಸ್ಪರ ಸಂವಹನ’ ಮತ್ತು ‘ತಾಂತ್ರಿಕ ಅನ್ವೇಷಣೆ’ ಎಂಬೆರಡು ಗುರಿಗಳಲ್ಲಿ ಒಂದೊಂದು ವಿಧಾನ ಒಂದೊಂದನ್ನು ಪೂರೈಸುತ್ತದೆ. ಎರಡನ್ನೂ ಗೌರವಿಸಿ, ದಿನಚರಿಯಲ್ಲಿ ಬೇರೆ ಬೇರೆ ಕಡೆ ಬರೆದಿಟ್ಟರಾಯಿತು.

ಮೂರನೆಯ ಪ್ರಶ್ನೆಗೆ ಬಂದಾಗ ನಾನು ಹಿರಿಯ ಹವ್ಯಾಸಿಗಳ ಪಕ್ಷದವರೊಡನೆ ನಿಲ್ಲುತ್ತೇನೆ. 2004ರ ಡಿಸೆಂಬರ್ ಆರಂಭದಲ್ಲಿ ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆಯ ಭಾರತಿ ಪ್ರಸಾದ್ ಮತ್ತು ಸಂಗಡಿಗರು, ಹಲವು ವರ್ಷಗಳ ನಿರ್ಬಂಧದ ನಂತರ ಅನುಮತಿ ದೊರೆತು, ಅಂಡಮಾನಿನ ಪೋರ್ಟ್ ಬ್ಲೇರಿನಿಂದ ವಿಯು4ಆರ್‌ಬಿಐ ಎಂಬ ಸಂಕೇತದಲ್ಲಿ ಪ್ರಸಾರ ನಡೆಸುತ್ತಿದ್ದರು. ಜಗತ್ತಿನ ಹವ್ಯಾಸಿಗಳಿಗೆ ಅಪರೂಪದ ಸಂಪರ್ಕವೊಂದನ್ನು ಒದಗಿಸುವುದು ಅವರ ಉದ್ದೇಶ. ಡಿಸೆಂಬರ್ 26ರಂದು ಸುನಾಮಿ ಬಂತು. ದೂರವಾಣಿ ಸಂಪರ್ಕಗಳು ಕಡಿದುಬಿದ್ದಾಗ, ಹವ್ಯಾಸಕ್ಕೆಂದು ಕಟ್ಟಿದ ಅದೇ ಅಲ್ಪತರಂಗದ ಕೇಂದ್ರ ದ್ವೀಪಗಳಲ್ಲಿ ಬದುಕುಳಿದವರ ಸುದ್ದಿಯನ್ನು ಮುಖ್ಯಭೂಮಿಯ ಬಂಧುಗಳಿಗೆ ಮುಟ್ಟಿಸಿತು. ಅದೇ ಅಲೆ ಅಂದು ಮಲೇಷ್ಯಾದ ಪೆನಾಂಗ್ ಮತ್ತು ಕೆಡಾ ತೀರಗಳಿಗೂ ಅಪ್ಪಳಿಸಿ ಹಲವು ಜೀವಗಳನ್ನು ಒಯ್ದಿತ್ತು. ಪೋರ್ಟ್ ಬ್ಲೇರಿನ ಆ ಮೇಜಿನ ಮೇಲೆ ಅಂದು ಇದ್ದದ್ದು ಅಂತರ್ಜಾಲವನ್ನು ನೆಚ್ಚಿಕೊಂಡ ಪೆಟ್ಟಿಗೆಯಾಗಿದ್ದರೆ, ಆ ಬೆಳಗಿನಲ್ಲಿ ಅದು ಕೇವಲ ಪೆಟ್ಟಿಗೆಯಾಗಿಯೇ ಉಳಿಯುತ್ತಿತ್ತು.

ಈಚಿನ ನೆನಪುಗಳೂ ಇದನ್ನೇ ಹೇಳುತ್ತವೆ. 2014ರ ಡಿಸೆಂಬರಿನಲ್ಲಿ ಕೆಲಂತಾನ್ ಮತ್ತು ಪೂರ್ವತೀರದ ರಾಜ್ಯಗಳಲ್ಲಿ ನೆರೆ ಬಂದು ಎರಡು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಡಬೇಕಾಯಿತು. ಕ್ವಾಲಾ ಕ್ರಾಯ್‌ನಂಥ ಊರುಗಳಲ್ಲಿ ವಿದ್ಯುತ್ತೂ ಮೊಬೈಲ್ ಸಂಪರ್ಕವೂ ಒಟ್ಟಿಗೆ ಹೋದವು. 2018ರ ಆಗಸ್ಟಿನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರಿನ ಕಡೆ ಗುಡ್ಡಗಳು ಕುಸಿದಾಗ, ಹೊರಗಿದ್ದ ಕೊಡಗಿನವರು ಫೋನು ಕೈಯಲ್ಲಿ ಹಿಡಿದು ದಿನಗಟ್ಟಲೆ ಕಾದದ್ದು ನಮ್ಮಲ್ಲಿ ಹಲವರಿಗೆ ನೆನಪಿದೆ. ಇದಕ್ಕೆ ವ್ಯತಿರಿಕ್ತವಾದ ಅನುಭವವೂ ಉಂಟು. 2021ರ ಡಿಸೆಂಬರಿನಲ್ಲಿ ಶಾ ಆಲಂನ ತಾಮನ್ ಸ್ರಿ ಮುಡಾ ಮುಳುಗಿದಾಗ ಜನ ಸಾಮಾಜಿಕ ಜಾಲತಾಣಗಳಲ್ಲಿ ತಮ್ಮ ಮನೆಯ ಗುರುತು ಹಾಕಿ ನೆರವು ಬೇಡಿದರು. ಸ್ವಯಂಸೇವಕರು ದೋಣಿ ಹಿಡಿದು ಹೋದರು. ಜಾಲ ಉಳಿದಷ್ಟು ಹೊತ್ತು ಅದು ಎಲ್ಲಕ್ಕಿಂತ ವೇಗದ ಸಾಧನ. ಆದರೆ ಜಾಲ ಬಿದ್ದ ಮೇಲೆ ಕೆಲಸ ಮಾಡುವುದು ಮಾತ್ರವೇ ಆಪತ್ಕಾಲದ ರೇಡಿಯೊ. ಹಾಟ್‌ಸ್ಪಾಟನ್ನು ತೋರಿಸಿ ‘ನಾವು ವಿಪತ್ತಿಗೆ ಸಿದ್ಧ’ ಎಂದು ಯಾವುದೇ ಸಂಘ ಹೇಳಿಕೊಂಡರೆ ಅದು ಜನರನ್ನು ದಾರಿ ತಪ್ಪಿಸಿದಂತೆ.

ಜಾಲ ಬೀಳುವುದು ಮಳೆಯಿಂದ ಮಾತ್ರವಲ್ಲ. 2019ರ ಆಗಸ್ಟಿನಲ್ಲಿ ಕಾಶ್ಮೀರದ ಅಂತರ್ಜಾಲವನ್ನು ಸರ್ಕಾರ ಸ್ಥಗಿತಗೊಳಿಸಿತು. ವೇಗದ ಮೊಬೈಲ್ ಸಂಪರ್ಕ ಪೂರ್ತಿಯಾಗಿ ಮರಳಿದ್ದು 2021ರ ಫೆಬ್ರವರಿಯಲ್ಲಿ. ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರ ಜನವರಿಯಲ್ಲಿ ಅನಿರ್ದಿಷ್ಟ ಸ್ಥಗಿತ ಸಲ್ಲದೆಂದು ಹೇಳಿದ ಮೇಲೂ ಈ ಪದ್ಧತಿ ನಿಂತಿಲ್ಲ. ಇತಿಹಾಸದಲ್ಲಿ ಇನ್ನೂ ಹಿಂದೆ ಹೋದರೆ, ಜಪಾನೀಯರ ಆಕ್ರಮಣ ಕಾಲದಲ್ಲಿ ಇಪೊ ಬಳಿಯ ಪಾಪನ್ ಎಂಬ ಹಳ್ಳಿಯಲ್ಲಿ ಸಿಬಿಲ್ ಕಾರ್ತಿಗೇಸು ಎಂಬ ನರ್ಸು ಮನೆಯಲ್ಲಿ ಅಲ್ಪತರಂಗದ ರೇಡಿಯೊಗಳನ್ನು ಅಡಗಿಸಿಟ್ಟು ಬಿಬಿಸಿ ಸುದ್ದಿ ಕೇಳುತ್ತಿದ್ದರು. ಅವುಗಳಲ್ಲೊಂದಕ್ಕೆ ‘ಜೋಸೆಫೀನ್’ ಎಂದು ಹೆಸರಿಟ್ಟಿದ್ದರು. ಪ್ರತಿರೋಧದವರಿಗೆ ನೆರವಾದುದಕ್ಕೆ 1943ರಲ್ಲಿ ಬಂಧನಕ್ಕೊಳಗಾಗಿ ಘೋರ ಹಿಂಸೆ ಅನುಭವಿಸಿದರು. ಲಂಡನ್ನಿನ ದನಿಗೂ ಅವರ ಕಿವಿಗೂ ನಡುವೆ ಗುಂಡಿ ಒತ್ತಿ ನಿಲ್ಲಿಸಬಲ್ಲ ಯಾರೂ ಇರಲಿಲ್ಲ. ಅದರಿಂದಲೇ ಆ ಪೆಟ್ಟಿಗೆಯನ್ನು ಆಳುವವರು ಅಷ್ಟು ಹೆದರಿದರು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹವ್ಯಾಸಿ ರೇಡಿಯೊವನ್ನು ಕ್ರಾಂತಿಯ ಆಯುಧವೆಂದು ವೈಭವೀಕರಿಸುವುದು ಬೇಡ. ಅದೂ ಸರ್ಕಾರದ ಪರವಾನಗಿಯ ಮೇಲೆ ನಿಂತಿದೆ. ಅರ್ಥ ಮರೆಮಾಚುವ ಗೂಢಲಿಪಿಗೆ ಅಲ್ಲಿ ಅವಕಾಶವಿಲ್ಲ. ಎಲ್ಲರೂ ಎಲ್ಲವನ್ನೂ ಕೇಳಬಲ್ಲರು. 1939ರಲ್ಲಿ ಯುದ್ಧ ಘೋಷಣೆಯಾದೊಡನೆ ಬ್ರಿಟಿಷರು ಭಾರತದ ಹವ್ಯಾಸಿಗಳ ಪರವಾನಗಿಗಳನ್ನು ರದ್ದುಪಡಿಸಿದ್ದರು. ಅದರ ಬೆಲೆ ಇರುವುದು ಗುಟ್ಟಿನಲ್ಲಲ್ಲ. ಸಾಮಾನ್ಯ ನಾಗರಿಕರೊಬ್ಬರು ಬ್ಯಾಟರಿ, ತಂತಿ ಮತ್ತು ತಿಳಿವಳಿಕೆಯಿಂದ, ಬೇರಾರ ಮೂಲಸೌಕರ್ಯವನ್ನೂ ನೆಚ್ಚದೆ ಸಮುದ್ರ ದಾಟಿ ಮಾತನಾಡಬಲ್ಲರು ಎಂಬ ಸಾಮರ್ಥ್ಯ ಸಮಾಜದಲ್ಲಿ ಜೀವಂತವಾಗಿ ಉಳಿಯುತ್ತದೆ ಎಂಬುದರಲ್ಲಿ ಅದರ ಬೆಲೆಯಿದೆ.

ಈಗ ನಾಲ್ಕನೆಯ ಪ್ರಶ್ನೆ: ಕೊಂಡಿಗಳು ಯಾರವು? ನನ್ನ ದೃಷ್ಟಿಯಲ್ಲಿ ನಿಜವಾದ ತೊಡಕು ಅಂತರ್ಜಾಲದಲ್ಲಿಲ್ಲ, ಮುಚ್ಚಿದ ಪೆಟ್ಟಿಗೆಯಲ್ಲಿದೆ. ಡಿ-ಸ್ಟಾರ್ ವಿಧಾನವನ್ನು ರೂಪಿಸಿದ್ದು ಜಪಾನಿನ ಹವ್ಯಾಸಿಗಳ ಸಂಘಟನೆ. ಅದರ ನಿಯಮಗಳು ಬಹಿರಂಗವಾಗಿವೆ. ಆದರೆ ದನಿಯನ್ನು ಅಂಕೆಗಳಾಗಿ ಹಿಂಡುವ ‘ಎಎಂಬಿಇ’ ಕೋಡೆಕ್ ಅಮೆರಿಕದ ಒಂದೇ ಕಂಪನಿಯದು. ಡಿಎಂಆರ್ ಯುರೋಪಿನ ವಾಣಿಜ್ಯ ರೇಡಿಯೊಗಳಿಗಾಗಿ 2005ರಲ್ಲಿ ರೂಪುಗೊಂಡ ಮಾನದಂಡ. ಸಿಸ್ಟಮ್ ಫ್ಯೂಷನ್ ಯೇಸು ಕಂಪನಿಯದು. ಇವುಗಳಲ್ಲಿಯೂ ಅದೇ ಕುಟುಂಬದ ಕೋಡೆಕ್ ಕುಳಿತಿದೆ. ಅಂದರೆ, ಸ್ವಯಂಶಿಕ್ಷಣಕ್ಕೆಂದೇ ಹುಟ್ಟಿದ ಸೇವೆಯ ಗಂಟಲಿನಲ್ಲಿ, ಪೇಟೆಂಟು ಮತ್ತು ವ್ಯಾಪಾರದ ಗುಟ್ಟುಗಳ ಬೇಲಿ ಹಾಕಿಸಿಕೊಂಡು ಬಂದ ಚಿಪ್ಪೊಂದಿದೆ. ನಮ್ಮ ದನಿ ಅದರೊಳಗೆ ಏನಾಗುತ್ತದೆಂದು ನೋಡುವ ಹಕ್ಕು ನಮಗಿರಲಿಲ್ಲ. ತುದಿಯಿಂದ ತುದಿಗೆ ಅಲೆಯಾಗಿಯೇ ಸಾಗುವ ಡಿಜಿಟಲ್ ದನಿಗೂ ಈ ಮಾತು ಅನ್ವಯಿಸುತ್ತದೆ ಎಂಬುದನ್ನು ಶುದ್ಧತೆಯ ವಾದಿಗಳು ಮರೆಯುತ್ತಾರೆ.

ಜಾಲದ ಮಟ್ಟದಲ್ಲಿಯೂ ಇಂಥದೇ ಸ್ಥಿತಿ. ಡಿಎಂಆರ್ ಬಳಸುವ ಪ್ರತಿ ಹವ್ಯಾಸಿಗೆ ಏಳು ಅಂಕೆಗಳ ಗುರುತಿನ ಸಂಖ್ಯೆ ಬೇಕು. ಮಲೇಷ್ಯಾದವರದು 502ರಿಂದ, ಭಾರತದವರದು 404ರಿಂದ ಆರಂಭವಾಗುತ್ತದೆ. ಇವು ಮೊಬೈಲ್ ದೂರವಾಣಿ ವ್ಯವಸ್ಥೆಯ ದೇಶಸಂಕೇತಗಳು. ಸರ್ಕಾರ ಕೊಟ್ಟ ಕರೆಸಂಕೇತ ಇದ್ದರೂ ಈ ಸಂಖ್ಯೆಯಿಲ್ಲದೆ ಜಾಲದೊಳಗೆ ಪ್ರವೇಶವಿಲ್ಲ. ಸರ್ವರುಗಳನ್ನು ನಡೆಸುವವರು ಬಹುಮಟ್ಟಿಗೆ ನಿಸ್ವಾರ್ಥ ಸ್ವಯಂಸೇವಕರು. ಅವರ ದುಡಿಮೆಗೆ ನಾವು ಋಣಿಗಳು. ಆದರೆ ಅವರನ್ನು ಯಾರೂ ಚುನಾಯಿಸಿಲ್ಲ. ಅವರು ಬಾಗಿಲು ಹಾಕಿದರೆ ಮೇಲ್ಮನವಿಗೆ ಜಾಗವಿಲ್ಲ.

44ರ ವಿಳಾಸಗಳ ಕಥೆಯನ್ನು ಈಗ ಮುಗಿಸುತ್ತೇನೆ. ಹವ್ಯಾಸಿಗಳಿಗೆಂದು ಮೀಸಲಾಗಿದ್ದ ಆ ಸಾಮೂಹಿಕ ಆಸ್ತಿಯ ಕಾಲುಭಾಗವನ್ನು, ಎಂದರೆ ಸುಮಾರು 40 ಲಕ್ಷ ವಿಳಾಸಗಳನ್ನು, ಅದರ ಉಸ್ತುವಾರಿ ಹೊತ್ತಿದ್ದ ಅಮೆರಿಕದ ಸಂಸ್ಥೆ 2019ರಲ್ಲಿ ಅಮೆಜಾನ್ ಕಂಪನಿಗೆ ಮಾರಿತು. ಬಂದ ಹಣದಿಂದ ಹವ್ಯಾಸಿ ಯೋಜನೆಗಳಿಗೆ ಅನುದಾನ ಕೊಡುತ್ತಿದೆ ಎಂಬುದು ನಿಜ. ಒಳ್ಳೆಯ ಕೆಲಸಗಳೂ ನಡೆದಿವೆ. ಆದರೆ ಜಗತ್ತಿನ ಹವ್ಯಾಸಿಗಳಿಗೆ ಸುದ್ದಿ ತಿಳಿದದ್ದು ಮಾರಾಟವಾದ ಮೇಲೆ. ಗೋಮಾಳವನ್ನು ಮಾರಿ ಊರಿಗೆ ಛತ್ರ ಕಟ್ಟಿಸಿದೆವು ಎಂಬ ವಾದವನ್ನು ನಮ್ಮ ಹಳ್ಳಿಗಳಲ್ಲಿಯೂ ಕೇಳಿದ್ದೇವೆ. ಛತ್ರ ಚೆನ್ನಾಗಿರಬಹುದು, ಊರನ್ನು ಕೇಳಿದಿರಾ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಬೇರೆ ದಾರಿಗಳು ಇಲ್ಲವೆಂದಲ್ಲ. ಆಸ್ಟ್ರೇಲಿಯಾದ ಹವ್ಯಾಸಿ ಡೇವಿಡ್ ರೋವ್ ‘ಕೋಡೆಕ್2’ ಎಂಬ ಸಂಪೂರ್ಣ ಮುಕ್ತ ಕೋಡೆಕ್ ರಚಿಸಿ ಎಲ್ಲರಿಗೂ ಬಿಟ್ಟುಕೊಟ್ಟರು. ಅದನ್ನು ಬಳಸಿ ಪೋಲೆಂಡಿನ ಹವ್ಯಾಸಿಗಳು 2019ರಲ್ಲಿ ಆರಂಭಿಸಿದ ‘ಎಂ17’ ವಿಧಾನಕ್ಕೆ ಆ ಹೆಸರು ಬಂದದ್ದು ವಾರ್ಸಾದ ಮೊಕೊಟೊವ್ಸ್ಕಾ ಬೀದಿಯ 17ನೇ ಸಂಖ್ಯೆಯಲ್ಲಿದ್ದ ಅವರ ಕ್ಲಬ್ಬಿನಿಂದ. ನಮ್ಮದೇ ಉದಾಹರಣೆ ಬೇಕಾದರೆ, ಬೆಂಗಳೂರಿನಲ್ಲಿ ಇಸ್ರೊ ನಿರ್ಮಿಸಿ 2005ರ ಮೇ 5ರಂದು ಕಾರ್ಟೊಸ್ಯಾಟ್-1ರ ಜತೆ ಹಾರಿಸಿದ 42.5 ಕಿಲೊ ತೂಕದ ‘ಹ್ಯಾಮ್‌ಸ್ಯಾಟ್’ ಇದೆ. ಅದರ ಎರಡು ಮರುಪ್ರಸಾರಕಗಳಲ್ಲಿ ಒಂದನ್ನು ಭಾರತೀಯರೂ ಇನ್ನೊಂದನ್ನು ಡಚ್ ವಿದ್ಯಾರ್ಥಿಯೊಬ್ಬರೂ ರೂಪಿಸಿದ್ದರು. 2014ರವರೆಗೆ, ಶುಲ್ಕವಿಲ್ಲದೆ, ಜಗತ್ತಿನ ಯಾವ ಹವ್ಯಾಸಿಯಾದರೂ ಅದನ್ನು ಬಳಸಬಹುದಿತ್ತು. ಅದೂ ನಡುವಣ ಕೊಂಡಿಯೇ. ಬೇರೆಯವರು ಕಟ್ಟಿದ ಯಂತ್ರವೇ. ಅದನ್ನು ಯಾರೂ ‘ರೇಡಿಯೊ ಅಲ್ಲ’ ಎನ್ನಲಿಲ್ಲ, ಏಕೆಂದರೆ ಅದು ಎಲ್ಲರದಾಗಿತ್ತು, ಅದರ ಒಳಗು ಎಲ್ಲರಿಗೂ ತಿಳಿದಿತ್ತು.

ಸ್ನೇಹಿತರೇ, ನನ್ನ ಮಾತನ್ನು ಕೆಲವು ಪ್ರಾಯೋಗಿಕ ಸಲಹೆಗಳೊಡನೆ ಮುಗಿಸುತ್ತೇನೆ. ನಿಮ್ಮಲ್ಲಿ ಯಾರಾದರೂ ಪರವಾನಗಿ ಪಡೆದು ಹಾಟ್‌ಸ್ಪಾಟಿನಿಂದ ಆರಂಭಿಸುವುದಾದರೆ ಯಾರ ಕೊಂಕಿಗೂ ಅಳುಕಬೇಕಿಲ್ಲ; ನೀವು ಹವ್ಯಾಸಿಗಳೇ. ಆದರೆ ಅಲ್ಲಿಗೇ ನಿಲ್ಲಬೇಡಿ. ಆ ಪೆಟ್ಟಿಗೆಯ ಒಳಗೇನಿದೆಯೆಂದು ಒಮ್ಮೆಯಾದರೂ ಬಿಚ್ಚಿ ನೋಡಿ. ಮುಕ್ತ ಕೋಡೆಕ್ ಇರುವ ಉಪಕರಣ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ತಿಂಗಳಿಗೊಂದು ಸಂಜೆ ರೂಟರನ್ನು ಆರಿಸಿ, ಯಾವುದೇ ರಿಪೀಟರಿನ ನೆರವಿಲ್ಲದೆ ನಿಮ್ಮ ಕೈರೇಡಿಯೊ ಎಷ್ಟು ದೂರ ಮುಟ್ಟುತ್ತದೆಂದು ಪರೀಕ್ಷಿಸಿ. ಪಕ್ಕದ ಬಡಾವಣೆಯ ಹವ್ಯಾಸಿ ಯಾರೆಂದು ಆಗ ತಿಳಿಯುತ್ತದೆ. ನಾಲ್ಕೈದು ಮಂದಿ ಸೇರಿ ಒಂದು ಅಲ್ಪತರಂಗದ ಯಂತ್ರ, ಒಂದು 12 ವೋಲ್ಟ್ ಬ್ಯಾಟರಿ, ಒಂದು ಸುರುಳಿ ತಂತಿ ಕೊಂಡು ಹಂಚಿಕೊಳ್ಳಿ. ಕಟ್ಟಡದ ಆಡಳಿತ ಒಪ್ಪದಿದ್ದರೆ ಬೀಚಿಗೋ ಉದ್ಯಾನಕ್ಕೋ ಒಯ್ಯಿರಿ. ಹಿರಿಯ ಹವ್ಯಾಸಿಗಳಲ್ಲಿ ನನ್ನ ವಿನಂತಿ ಇಷ್ಟೆ: ಅಯಾನುಗೋಳದ ವಿದ್ಯೆ ನಿಮ್ಮಲ್ಲಿದೆ, ಬಾಗಿಲಲ್ಲಿ ನಿಂತು ಬಂದವರನ್ನು ಜರೆಯುವ ಬದಲು, ಅವರನ್ನು ಒಳಗೆ ಕರೆದು ಅದನ್ನು ಕಲಿಸಿ.

ಕರ್ನಾಟಕದಲ್ಲಿ 40 ಮೀಟರ್ ಪಟ್ಟಿಯ ಮೇಲೆ ಬೆಳಗಿನ ಹೊತ್ತು ಹವ್ಯಾಸಿಗಳು ಸೇರಿ ಯೋಗಕ್ಷೇಮ ವಿಚಾರಿಸಿಕೊಳ್ಳುವ ಪದ್ಧತಿ ಇಂದಿಗೂ ಇದೆ. ಈ ದೂರದಿಂದ ಆ ಮಾತು ಕೆಲವೊಮ್ಮೆ ಅಲೆಯಾಗಿ ಸಿಕ್ಕೀತು, ಹೆಚ್ಚಿನ ಸಲ ತಂತಿಯ ಮೂಲಕವೇ ಸಿಗಬಹುದು. ಎರಡು ದಾರಿಗಳೂ ನಮಗೆ ಬೇಕು. ತಂತಿಯ ದಾರಿ ಬೇರೆಯವರದು, ಅವರು ಕೊಟ್ಟಷ್ಟು ದಿನ ನಮ್ಮದು ಎಂಬ ಅರಿವಿನೊಡನೆ ಅದನ್ನು ಬಳಸೋಣ. ಅಲೆಯ ದಾರಿಯನ್ನು ಹುಲ್ಲು ಬೆಳೆದು ಮುಚ್ಚದಂತೆ ಆಗಾಗ ನಡೆದು ಕಾಪಾಡಿಕೊಳ್ಳೋಣ.